ಗುಲ್ಮದಲ್ಲಿ ಗೆಡ್ಡೆ: ತೆಗೆಸುವ ಮುಂಚೆ, ತೆಗೆಸಿದ ಮೇಲೆ

ಮೈಸೂರು, ಮಂಡ್ಯ ಸೀಮೆಯ ಓದುಗರಿಂದ ಗುಲ್ಮದ ಗೆಡ್ಡೆಯ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಇಟ್ಟಿದ್ದೇವೆ. ಶಸ್ತ್ರಚಿಕಿತ್ಸೆ, ಸ್ಕ್ಯಾನಿಂಗ್, ಪೆಥಾಲಜಿ ಮೂರೂ ವಿಭಾಗದ ವೈದ್ಯರು ಸೇರಿ ಉತ್ತರ ಬರೆದಿದ್ದಾರೆ.

ಹೆಸರಿನ ಬಗ್ಗೆ ಮೊದಲೇ ಒಂದು ಮಾತು. ಎಡ ಪಕ್ಕೆಲುಬಿನ ಕೆಳಗೆ ಅಡಗಿರುವ ಅಂಗಕ್ಕೆ ಕನ್ನಡದಲ್ಲಿ ಗುಲ್ಮ ಅನ್ನುತ್ತೇವೆ. ಆಯುರ್ವೇದದ ಗ್ರಂಥಗಳಲ್ಲಿ ಅದೇ ಅಂಗಕ್ಕೆ ಪ್ಲೀಹ ಎಂದು ಹೆಸರು. ಅಲ್ಲಿ ಗುಲ್ಮ ಅಂದರೆ ಹೊಟ್ಟೆಯೊಳಗಿನ ಯಾವುದೇ ಗಂಟು. ಈ ಗೊಂದಲದಿಂದ ಕೆಲವರು ಬೇರೆಯದೇ ಕಾಯಿಲೆಗೆ ಔಷಧಿ ತೆಗೆದುಕೊಂಡು ತಿಂಗಳುಗಟ್ಟಲೆ ಕಳೆಯುತ್ತಾರೆ. ಈ ಪುಟದಲ್ಲಿ ಗುಲ್ಮ ಅಂದರೆ ಸ್ಪ್ಲೀನ್ ಮಾತ್ರ.

ಪ್ರಶ್ನೆ: ನಮ್ಮಮ್ಮನಿಗೆ 52 ವರ್ಷ. ಪಿತ್ತಕೋಶದಲ್ಲಿ ಹರಳಿದೆಯೇ ಅಂತ ಸ್ಕ್ಯಾನ್ ಮಾಡಿಸಿದೆವು. ಹರಳಿಲ್ಲ, ಆದರೆ ಗುಲ್ಮದಲ್ಲಿ 2.6 ಸೆಂ.ಮೀ. ಗೆಡ್ಡೆ ಇದೆ, ಹಿಮಾಂಜಿಯೋಮಾ ಇರಬಹುದು ಅಂತ ಬರೆದಿದ್ದಾರೆ. ಅಮ್ಮನಿಗೆ ನೋವಿಲ್ಲ, ಜ್ವರವಿಲ್ಲ. ಒಬ್ಬರು ಗುಲ್ಮ ತೆಗೆಸಿಬಿಡಿ ಅಂದರು. ಮನೆಯವರೆಲ್ಲ ಕ್ಯಾನ್ಸರ್ ಅಂತ ಹೆದರಿದ್ದೇವೆ. – ಓದುಗರೊಬ್ಬರು, ಮದ್ದೂರು

ಉತ್ತರ: ಅವಸರ ಮಾಡಬೇಡಿ. ನೀವು ಬರೆದಿರುವಷ್ಟೇ ವಿಷಯವಾದರೆ ತಾಯಿಯವರಿಗೆ ಈಗ ಆಪರೇಷನ್ ಬೇಕಿಲ್ಲ. ಗುಲ್ಮದಲ್ಲೇ ಹುಟ್ಟುವ, ಕ್ಯಾನ್ಸರ್ ಅಲ್ಲದ ಗೆಡ್ಡೆಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಹಿಮಾಂಜಿಯೋಮಾ, ಅಂದರೆ ಸಣ್ಣ ರಕ್ತನಾಳಗಳು ಗೊಂಚಲಾಗಿ ಬೆಳೆದದ್ದು. ಇವರಲ್ಲಿ ಹೆಚ್ಚಿನವರಿಗೆ ಯಾವ ತೊಂದರೆಯೂ ಇರುವುದಿಲ್ಲ. ನಿಮ್ಮ ತಾಯಿಯವರಿಗೆ ಆದ ಹಾಗೆ, ಬೇರೆ ಯಾವುದಕ್ಕೋ ಮಾಡಿಸಿದ ಸ್ಕ್ಯಾನಿನಲ್ಲಿ ಕಣ್ಣಿಗೆ ಬೀಳುತ್ತದೆ.

ಆದರೆ ಅಲ್ಟ್ರಾಸೌಂಡ್ ಒಂದನ್ನೇ ನಂಬಿ ಸುಮ್ಮನಾಗಬಾರದು. ಅದರಲ್ಲಿ ಬೆಳ್ಳಗೆ ಹೊಳೆಯುವ ದುಂಡನೆಯ ಗಂಟು ಹಿಮಾಂಜಿಯೋಮಾವೇ ಇರಬಹುದು, ಬೇರೆಯದೂ ಇರಬಹುದು. ಮುಂದಿನ ಹೆಜ್ಜೆ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ದ್ರವ) ಕೊಟ್ಟು ಮಾಡುವ ಸಿ.ಟಿ. ಅಥವಾ ಎಂ.ಆರ್.ಐ. ಇಲ್ಲಿ ಆಗಾಗ ಆಗುವ ಒಂದು ತಪ್ಪಿದೆ. ಕಾಂಟ್ರಾಸ್ಟ್ ಹೋದ ಮೊದಲ 25–35 ಸೆಕೆಂಡುಗಳಲ್ಲಿ ಆರೋಗ್ಯವಂತ ಗುಲ್ಮವೂ ಹುಲಿಯ ಮೈಯಂತೆ ಪಟ್ಟೆಪಟ್ಟೆಯಾಗಿ ಕಾಣುತ್ತದೆ, ಏಕೆಂದರೆ ಅದರೊಳಗೆ ರಕ್ತ ಬೇರೆ ಬೇರೆ ವೇಗದಲ್ಲಿ ಹರಿಯುತ್ತದೆ. ಆ ಹೊತ್ತಿನ ಚಿತ್ರ ಮಾತ್ರ ತೆಗೆದರೆ ಇಲ್ಲದ ಗೆಡ್ಡೆ ಕಾಣಬಹುದು, ಇರುವುದು ಮರೆಯಾಗಬಹುದು. ಸುಮಾರು 70ನೇ ಸೆಕೆಂಡಿನ ಚಿತ್ರ, ಆಮೇಲೆ ಕೆಲವು ನಿಮಿಷ ಬಿಟ್ಟು ಇನ್ನೊಂದು ಚಿತ್ರ ಇರಲೇಬೇಕು. ಸ್ಕ್ಯಾನಿಗೆ ಬರೆದುಕೊಡುವಾಗ ‘ಗುಲ್ಮದ ಗೆಡ್ಡೆ ನೋಡಲು’ ಎಂದು ಸ್ಪಷ್ಟವಾಗಿ ಬರೆಸಿ. ಸೆಂಟರಿನವರು ಅದಕ್ಕೆ ತಕ್ಕಂತೆ ಮಾಡುತ್ತಾರೆ.

ಸ್ಕ್ಯಾನಿಗೆ ಮುಂಚೆ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತಿಳಿಸುವ ರಕ್ತಪರೀಕ್ಷೆ) ನೋಡಿಸಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ ಹೇಳಬೇಕು. ಕಿಡ್ನಿ ದುರ್ಬಲವಾಗಿದ್ದರೆ ಅದನ್ನು 48 ಗಂಟೆ ನಿಲ್ಲಿಸಿ, ಮತ್ತೆ ಕ್ರಿಯಾಟಿನಿನ್ ನೋಡಿ ಶುರು ಮಾಡಿಸುತ್ತಾರೆ. ಜೊತೆಗೆ ಪೂರ್ತಿ ರಕ್ತಕಣಗಳ ಎಣಿಕೆ, ರಕ್ತದ ಸ್ಮಿಯರ್, ಇ.ಎಸ್.ಆರ್., ಎಲ್.ಡಿ.ಎಚ್. ಸಾಕು. ಪ್ಲೇಟ್‌ಲೆಟ್ ಕಡಿಮೆಯಾಗಿದ್ದರೆ ಗೆಡ್ಡೆಯೇ ಅವುಗಳನ್ನು ಹಿಡಿದು ಸವೆಸುತ್ತಿರಬಹುದು. ದೊಡ್ಡ ಹಿಮಾಂಜಿಯೋಮಾದಲ್ಲಿ ಇದು ಅಪರೂಪಕ್ಕೆ ಆಗುತ್ತದೆ, ಆಗ ಸುಮ್ಮನೆ ಕಾಯುವುದು ಸರಿಯಲ್ಲ.

ಚಿತ್ರ ನಿರಪಾಯವಾಗಿ ಕಂಡು, ಹಿಂದೆ ಎಂದೂ ಕ್ಯಾನ್ಸರ್ ಆಗಿರದೆ, ತೂಕ ಇಳಿಯದೆ, ರಾತ್ರಿ ಬೆವರದೆ ಇದ್ದರೆ 6ನೇ ತಿಂಗಳಿಗೊಮ್ಮೆ, 12ನೇ ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿ. ವರ್ಷವಾದರೂ ಅಳತೆ ಹಾಗೇ ಇದ್ದರೆ ನೆಮ್ಮದಿಯಾಗಿರಿ. ಪ್ರತಿ ಸಲವೂ ಹಳೆಯ ಸಿ.ಡಿ. ಮತ್ತು ಫಿಲ್ಮ್ ತೆಗೆದುಕೊಂಡು ಹೋಗಿ. ವರದಿಯ ಕಾಗದಕ್ಕಿಂತ ಚಿತ್ರ ಮುಖ್ಯ, 2.6 ಇದ್ದದ್ದು 2.9 ಆಯಿತು ಎಂದರೆ ಬೆಳೆದಿರಬೇಕೆಂದೇನೂ ಇಲ್ಲ, ಬೇರೆ ಕೋನದಲ್ಲಿ ಅಳೆದಿದ್ದರೂ ಅಷ್ಟು ವ್ಯತ್ಯಾಸ ಬರುತ್ತದೆ.

ಒಡೆಯುವ ಭಯದ ಬಗ್ಗೆ: ಹಳೆಯ ವೈದ್ಯಕೀಯ ಬರಹಗಳಲ್ಲಿ ಕಾಲು ಭಾಗ ಹಿಮಾಂಜಿಯೋಮಾಗಳು ಒಡೆಯುತ್ತವೆ ಎಂದಿತ್ತು. ಅದು ಸ್ಕ್ಯಾನ್ ಇಲ್ಲದ ಕಾಲ. ಒಡೆದವು ಮಾತ್ರ ಆಸ್ಪತ್ರೆಗೆ ಬರುತ್ತಿದ್ದವು, ಸುಮ್ಮನಿದ್ದವು ಎಣಿಕೆಗೇ ಸಿಗುತ್ತಿರಲಿಲ್ಲ. ಈಗ 4 ಸೆಂ.ಮೀ.ಗಿಂತ ಚಿಕ್ಕದಾಗಿ, ತೊಂದರೆ ಕೊಡದವನ್ನು ನೋಡುತ್ತಾ ಇರುವುದೇ ರೂಢಿ. ಆದರೂ ಎಡ ಪಕ್ಕೆಯ ಕೆಳಗೆ ಇದ್ದಕ್ಕಿದ್ದಂತೆ ನೋವು ಬಂದು ಎಡ ಭುಜದ ತುದಿಗೂ ಹರಡಿದರೆ, ತಲೆ ಸುತ್ತಿ ತಣ್ಣನೆ ಬೆವರು ಬಂದರೆ ಒಳಗೆ ರಕ್ತ ಸೋರುತ್ತಿದೆ ಎಂದು ತಿಳಿದು ತಡಮಾಡದೆ ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.

ಪ್ರಶ್ನೆ: ನಾವು ಬಂಡೂರು ಕುರಿ ಸಾಕಿದ್ದೇವೆ, ಮನೆಯಲ್ಲಿ ಎರಡು ನಾಯಿ ಇವೆ. ನಮ್ಮ ತಂದೆಯ ಗುಲ್ಮದಲ್ಲಿ 7 ಸೆಂ.ಮೀ. ನೀರಿನ ಗೆಡ್ಡೆ ಇದೆಯಂತೆ. ಸೂಜಿ ಹಾಕಿ ನೀರು ತೆಗೆದರೆ ಆಯಿತು ಅನ್ನುತ್ತಾರೆ. ಮಾಡಿಸಬಹುದೇ? – ಓದುಗರೊಬ್ಬರು, ಮಳವಳ್ಳಿ ತಾಲ್ಲೂಕು

ಉತ್ತರ: ಪರೀಕ್ಷೆ ಮುಗಿಯುವವರೆಗೆ ಸೂಜಿ ಹಾಕಿಸಲೇಬೇಡಿ. ಕುರಿ ಮತ್ತು ನಾಯಿ ಎರಡೂ ಇರುವ ಮನೆಯಲ್ಲಿ ಇಂಥ ಗೆಡ್ಡೆ ಕಂಡರೆ ಮೊದಲು ಹೈಡಾಟಿಡ್ (ಲಾಡಿಹುಳುವಿನಿಂದ ಆಗುವ ನೀರಿನ ಚೀಲ) ಅಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ನಾಯಿಯ ಕರುಳಿನಲ್ಲಿ ಇರುವ ಸಣ್ಣ ಲಾಡಿಹುಳುವಿನ ಮೊಟ್ಟೆ ಅದರ ಮಲದಿಂದ ಸೊಪ್ಪಿಗೆ, ನೀರಿಗೆ, ಕೈಗೆ ಅಂಟಿ ಹೊಟ್ಟೆ ಸೇರುತ್ತದೆ. ಹೆಚ್ಚಾಗಿ ಲಿವರ್ ಮತ್ತು ಶ್ವಾಸಕೋಶದಲ್ಲಿ, ಅಪರೂಪಕ್ಕೆ ಗುಲ್ಮದಲ್ಲಿ ನೀರಿನ ಚೀಲವಾಗಿ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಇದನ್ನು ಚುಚ್ಚಿ ಒಳಗಿನ ನೀರು ಹೊಟ್ಟೆಯೊಳಗೆ ಸೋರಿದರೆ ಎರಡು ಅಪಾಯ: ಕ್ಷಣದಲ್ಲೇ ಜೀವಕ್ಕೆ ಕುತ್ತು ತರುವ ಅಲರ್ಜಿ, ಮತ್ತು ಹೊಟ್ಟೆಯ ತುಂಬ ಹೊಸ ಚೀಲಗಳ ಬಿತ್ತನೆ.

ಅಲ್ಟ್ರಾಸೌಂಡಿನಲ್ಲಿ ದೊಡ್ಡ ಚೀಲದೊಳಗೆ ಮರಿ ಚೀಲಗಳು, ಒಳಪದರ ಕಳಚಿ ತೇಲುವುದು, ಗೋಡೆಯಲ್ಲಿ ಸುಣ್ಣ ಕಟ್ಟಿರುವುದು ಕಂಡರೆ ಅನುಮಾನ ಬಲವಾಗುತ್ತದೆ. ರಕ್ತದಲ್ಲಿ ಎಕಿನೋಕಾಕಸ್ (ಅದೇ ಲಾಡಿಹುಳು) ಪ್ರತಿಕಾಯದ ಪರೀಕ್ಷೆ ಮಾಡಿಸಿ. ನೆಗೆಟಿವ್ ಬಂದ ಮಾತ್ರಕ್ಕೆ ಹೈಡಾಟಿಡ್ ಅಲ್ಲವೆಂದು ಹೇಳಲಾಗದು, ಹಾಗಾಗಿ ಚಿತ್ರವನ್ನೂ ಸೇರಿಸಿಯೇ ತೀರ್ಮಾನ. ಲಿವರ್, ಶ್ವಾಸಕೋಶದಲ್ಲೂ ಇದೆಯೇ ಎಂದು ಹುಡುಕಬೇಕು. ಹೈಡಾಟಿಡ್ ಎಂದಾದರೆ ಆಲ್ಬೆಂಡಜೋಲ್ 400 ಮಿ.ಗ್ರಾಂ. ದಿನಕ್ಕೆ ಎರಡು ಸಲ, ಜಿಡ್ಡಿನ ಊಟದ ಜೊತೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಈ ಔಷಧಿ ರಕ್ತಕ್ಕೆ ಸೇರುವುದೇ ಕಡಿಮೆ. ನಡುನಡುವೆ ಲಿವರ್ ಪರೀಕ್ಷೆ, ಬಿಳಿ ರಕ್ತಕಣಗಳ ಎಣಿಕೆ ನೋಡಿಸಬೇಕು. ಆಪರೇಷನ್ನಿಗೆ ಮುಂಚೆಯೂ ಆಮೇಲೂ ಮಾತ್ರೆ ಮುಂದುವರಿಯುತ್ತದೆ. ನಾಯಿಗಳಿಗೆ ಪಶುವೈದ್ಯರಿಂದ ಪ್ರಾಜಿಕ್ವಾಂಟೆಲ್ ಕೊಡಿಸಿ. ಕುರಿ ಕೊಯ್ದಾಗ ಒಳಗಿನ ಅಂಗಗಳನ್ನು ನಾಯಿಗೆ ಎಸೆಯುವುದು ನಿಲ್ಲಲಿ, ಅವನ್ನು ಆಳವಾಗಿ ಹೂಳಿಸಿ.

ಹೈಡಾಟಿಡ್ ಅಲ್ಲವೆಂದಾದರೆ? ಹಿಂದೆ ಎಂದೋ ಬೈಕಿನಿಂದ ಬಿದ್ದು ಪಕ್ಕೆಗೆ ಪೆಟ್ಟಾಗಿದ್ದರೆ, ಆಗ ಸೋರಿದ ರಕ್ತ ಕರಗಿ ನೀರಾಗಿ ಉಳಿದ ಚೀಲ ಇರಬಹುದು. ಯುವಕರಲ್ಲಿ ಹುಟ್ಟಿನಿಂದಲೇ ಬಂದ, ಒಳಪದರವಿರುವ ಚೀಲವೂ ಉಂಟು. ಇಂಥದ್ದರಲ್ಲಿ ಸಿ.ಎ.19-9 ಎಂಬ ರಕ್ತಪರೀಕ್ಷೆ ಏರಿ ಬರುವುದಿದೆ. ಆ ಪರೀಕ್ಷೆ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರಿಗೆ ಬಳಸುವಂಥದ್ದಾದ್ದರಿಂದ ಮನೆಯವರು ಕಂಗಾಲಾಗುತ್ತಾರೆ. ಚೀಲವನ್ನು ತೆಗೆದ ಮೇಲೆ ಅದು ಇಳಿಯುತ್ತದೆ. ಈ ಎರಡು ಬಗೆಯಲ್ಲೂ ಬರೀ ನೀರು ಬಸಿದರೆ ಮತ್ತೆ ತುಂಬುತ್ತದೆ. 5 ಸೆಂ.ಮೀ. ಮೀರಿ ನೋವು ಕೊಡುತ್ತಿದ್ದರೆ ಚೀಲ ಇರುವಷ್ಟು ಭಾಗವನ್ನು ಮಾತ್ರ ಕತ್ತರಿಸಿ ಉಳಿದ ಗುಲ್ಮವನ್ನು ಕಾಪಾಡುವುದು ನಮ್ಮ ಮೊದಲ ಆಯ್ಕೆ.

ಪ್ರಶ್ನೆ: ಗುಲ್ಮಕ್ಕೆ ಸೂಜಿ ಹಾಕಿ ಬಯಾಪ್ಸಿ ಮಾಡಿದರೆ ರಕ್ತ ನಿಲ್ಲುವುದಿಲ್ಲ ಅನ್ನುವುದು ನಿಜವೇ? – ಓದುಗರೊಬ್ಬರು, ನಂಜನಗೂಡು

ಉತ್ತರ: ಮೊದಲಿನಷ್ಟು ಭಯ ಈಗಿಲ್ಲ. 18 ಗೇಜ್ ಅಥವಾ ಅದಕ್ಕಿಂತ ಸಣ್ಣ ಸೂಜಿ ಬಳಸಿ, ಅಲ್ಟ್ರಾಸೌಂಡಿನಲ್ಲಿ ನೋಡುತ್ತಲೇ ಮಾಡಿದಾಗ ದೊಡ್ಡ ತೊಂದರೆಯಾಗುವುದು ನೂರರಲ್ಲಿ ಒಬ್ಬಿಬ್ಬರಿಗೆ. ಪ್ಲೇಟ್‌ಲೆಟ್ 50,000ಕ್ಕಿಂತ ಮೇಲೆ, ಐ.ಎನ್.ಆರ್. (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಅಳತೆ) 1.5ರ ಒಳಗೆ ಇರಬೇಕು. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ವೈದ್ಯರು ಹೇಳಿದಂತೆ ಮೊದಲೇ ನಿಲ್ಲಿಸಿರಬೇಕು. ಆಮೇಲೆ ಕೆಲವು ಗಂಟೆ ಮಲಗಿಸಿ ನಾಡಿ, ಬಿ.ಪಿ. ನೋಡುತ್ತಿರಬೇಕು. ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್), ಕ್ಷಯ ಅಥವಾ ಬೇರೆಡೆಯಿಂದ ಹರಡಿದ ಕ್ಯಾನ್ಸರ್ ಅನುಮಾನವಿದ್ದಾಗ ಬಯಾಪ್ಸಿ ತುಂಬ ಉಪಕಾರಿ, ಏಕೆಂದರೆ ಅವುಗಳಿಗೆ ಮದ್ದೇ ಚಿಕಿತ್ಸೆ, ಗುಲ್ಮ ತೆಗೆಯುವುದಲ್ಲ. ರಕ್ತನಾಳದ ಗೆಡ್ಡೆ ಎಂದು ಚಿತ್ರವೇ ಹೇಳುತ್ತಿದ್ದರೆ, ಇಲ್ಲವೇ ಹೈಡಾಟಿಡ್ ಅನುಮಾನವಿದ್ದರೆ ಚುಚ್ಚುವುದಿಲ್ಲ.

ಪ್ರಶ್ನೆ: ನನಗೆ 41 ವರ್ಷ. ಎಂ.ಆರ್.ಐ.ನಲ್ಲಿ ಗುಲ್ಮದಲ್ಲಿ 5 ಸೆಂ.ಮೀ. ಗೆಡ್ಡೆ, ‘ಸ್ಯಾಂಟ್ ಇರಬಹುದು’ ಎಂದು ಬಂದಿದೆ. ಪೆಟ್ ಸ್ಕ್ಯಾನಿನಲ್ಲಿ ಅದು ಹೊಳೆಯಿತು. ಪೆಟ್ ಹೊಳೆದರೆ ಕ್ಯಾನ್ಸರ್ ಅಲ್ಲವೇ? – ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಅಲ್ಲ. ಪೆಟ್ ಸ್ಕ್ಯಾನ್ ತೋರಿಸುವುದು ಎಲ್ಲಿ ಸಕ್ಕರೆ ಹೆಚ್ಚು ಖರ್ಚಾಗುತ್ತಿದೆ ಎಂಬುದನ್ನು ಮಾತ್ರ. ಉರಿಯೂತವಿದ್ದರೂ ಅದು ಹೊಳೆಯುತ್ತದೆ. ಗುಲ್ಮದ ಕ್ಷಯ, ಸಾರ್ಕಾಯ್ಡೋಸಿಸ್ ಎಂಬ ಉರಿಯೂತದ ಕಾಯಿಲೆ, ಮತ್ತು ನಿಮ್ಮ ವರದಿಯಲ್ಲಿರುವ ಸ್ಯಾಂಟ್ ಕೂಡ ಹಾಗೆ ಕಾಣಬಹುದು.

ಸ್ಯಾಂಟ್ ಎನ್ನುವುದು ಒಂದು ಉದ್ದನೆಯ ಹೆಸರಿನ ಸಂಕ್ಷೇಪ: ಸ್ಕ್ಲೀರೋಸಿಂಗ್ ಆಂಜಿಯೋಮಟಾಯ್ಡ್ ನಾಡ್ಯುಲರ್ ಟ್ರಾನ್ಸ್‌ಫರ್ಮೇಶನ್. ಈ ಹೆಸರು ಬಂದದ್ದು 2004ರಲ್ಲಿ. ಇದು ಕ್ಯಾನ್ಸರ್ ಅಲ್ಲ. ರಕ್ತನಾಳಗಳ ಸಣ್ಣ ಸಣ್ಣ ಗಂಟುಗಳ ಸುತ್ತ ನಾರು ಬೆಳೆದಿರುತ್ತದೆ. ಆ ನಾರು ನಡುವಿನಿಂದ ಅಂಚಿಗೆ ಹರಡಿರುವುದರಿಂದ, ಕಾಂಟ್ರಾಸ್ಟ್ ಕೊಟ್ಟಾಗ ಗಾಡಿಯ ಚಕ್ರದ ಅರಗಾಲುಗಳ ಹಾಗೆ ಬಣ್ಣ ಅಂಚಿನಿಂದ ಒಳಗೆ ತುಂಬುತ್ತಾ ಬರುತ್ತದೆ. ಎಂ.ಆರ್.ಐ.ನ ಟಿ2 ಚಿತ್ರದಲ್ಲಿ ಗೆಡ್ಡೆ ಕಪ್ಪಗಿರುತ್ತದೆ. ಈ ಎರಡೂ ಇದ್ದರೆ ಅನುಮಾನ ಗಟ್ಟಿ, ಆದರೂ ಸೂಕ್ಷ್ಮದರ್ಶಕದ ಕೆಳಗೆ ನೋಡದೆ ಖಚಿತವಲ್ಲ. ನಿಮ್ಮ ಗೆಡ್ಡೆ 5 ಸೆಂ.ಮೀ. ಇದ್ದು ಪೆಟ್‌ನಲ್ಲಿಯೂ ಹೊಳೆದಿದೆ. ತೆಗೆಸುವ ಸಲಹೆ ಬಂದಿದ್ದರೆ ಅದು ಸರಿಯಾದ ಸಲಹೆಯೇ. ಸ್ಯಾಂಟ್ ಆಗಿದ್ದರೆ ತೆಗೆದಲ್ಲಿಗೆ ಚಿಕಿತ್ಸೆಯೂ ಮುಗಿಯುತ್ತದೆ.

ಒಂದು ವಿಷಯವನ್ನು ಶಸ್ತ್ರಚಿಕಿತ್ಸಕರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಲ್ಯಾಪ್ರೋಸ್ಕೋಪಿಯಲ್ಲಿ ಗುಲ್ಮವನ್ನು ಚೀಲದೊಳಗೆ ಹಾಕಿ, ಪುಡಿಮಾಡಿ, ಸಣ್ಣ ತೂತಿನಿಂದ ಹೊರತೆಗೆಯುವ ಪದ್ಧತಿಯಿದೆ. ರಕ್ತದ ಕಾಯಿಲೆಗೆ ತೆಗೆಯುವಾಗ ಅದು ನಡೆಯುತ್ತದೆ. ಗೆಡ್ಡೆಗೆ ತೆಗೆಯುವಾಗ ಅದು ತಪ್ಪು: ಪೆಥಾಲಜಿಸ್ಟ್ ಕೈಗೆ ಗೆಡ್ಡೆಯ ಆಕಾರ, ಅಂಚು ಏನೂ ಸಿಗುವುದಿಲ್ಲ. ಕೆಳಹೊಟ್ಟೆಯಲ್ಲಿ ಅಡ್ಡಲಾಗಿ ಸ್ವಲ್ಪ ದೊಡ್ಡ ಗಾಯ ಮಾಡಿ ಇಡಿಯಾಗಿ ತೆಗೆಯಲು ಕೇಳಿ. ತೆಗೆದ ಮೇಲೆ ಒಂದು ಸೆಂ.ಮೀ. ಅಂತರದಲ್ಲಿ ಸೀಳಿ, ಸಾಕಷ್ಟು ಫಾರ್ಮಲಿನ್‌ನಲ್ಲಿ ಮುಳುಗಿಸಿ ಕಳಿಸಬೇಕು; ಇಡೀ ಗುಲ್ಮವನ್ನು ಹಾಗೇ ಡಬ್ಬಿಗೆ ಹಾಕಿದರೆ ಫಾರ್ಮಲಿನ್ ಒಳಗೆ ಇಳಿಯದೆ ನಡುಭಾಗ ಕೊಳೆತು ಪರೀಕ್ಷೆ ಹಾಳಾಗುತ್ತದೆ.

ಸೂಕ್ಷ್ಮದರ್ಶಕದ ಕೆಳಗೆ ಬರೀ ಸಾಮಾನ್ಯ ಬಣ್ಣ ಹಾಕಿ ನೋಡಿದರೆ ರಕ್ತನಾಳದ ಗೆಡ್ಡೆಗಳು ಒಂದರಂತೆ ಒಂದು ಕಾಣುತ್ತವೆ. ಬೇರ್ಪಡಿಸುವುದು ಇಮ್ಯುನೋ ಪರೀಕ್ಷೆ, ಅಂದರೆ ಜೀವಕೋಶಗಳ ಸಿ.ಡಿ. ಎಂಬ ಗುರುತಿನ ಪ್ರೋಟೀನುಗಳಿಗೆ ಬಣ್ಣ ಹಿಡಿಸಿ ನೋಡುವುದು. ಹಮಾರ್ಟೋಮಾದ (ಗುಲ್ಮದ ಅಂಗಾಂಶವೇ ಕ್ರಮತಪ್ಪಿ ಬೆಳೆದ ಗೆಡ್ಡೆ) ರಕ್ತನಾಳಗಳು ಸಿ.ಡಿ.8ಕ್ಕೆ ಬಣ್ಣ ಹಿಡಿಯುತ್ತವೆ, ಹಿಮಾಂಜಿಯೋಮಾದವು ಹಿಡಿಯುವುದಿಲ್ಲ, ಸ್ಯಾಂಟ್‌ನಲ್ಲಿ ಎರಡೂ ಬಗೆಯ ನಾಳಗಳು ಬೆರೆತಿರುತ್ತವೆ. ಲಿಟೊರಲ್ ಸೆಲ್ ಆಂಜಿಯೋಮಾ ಎಂಬ ಇನ್ನೊಂದು ಗೆಡ್ಡೆ ಸಿ.ಡಿ.31ರ ಜೊತೆ ಸಿ.ಡಿ.68ಕ್ಕೂ ಬಣ್ಣ ಹಿಡಿಯುತ್ತದೆ. 1991ರಲ್ಲಿ ಗುರುತಿಸಿದ ಈ ಗೆಡ್ಡೆ ಸಾಮಾನ್ಯವಾಗಿ ನಿರಪಾಯಕಾರಿ, ಆದರೆ ಇದು ಇದ್ದವರಲ್ಲಿ ಕೆಲವರಿಗೆ ದೇಹದ ಬೇರೆಡೆ ಕ್ಯಾನ್ಸರ್ ಅಥವಾ ಕ್ರೋನ್ಸ್‌ನಂಥ ಕರುಳಿನ ಉರಿಯೂತದ ಕಾಯಿಲೆ ಕಂಡುಬಂದಿದೆ. ವರದಿಯಲ್ಲಿ ಈ ಹೆಸರು ಬಂದರೆ ಕರುಳಿನ ಎಂಡೋಸ್ಕೋಪಿ, ಎದೆ ಮತ್ತು ಹೊಟ್ಟೆಯ ಸ್ಕ್ಯಾನ್ ಮಾಡಿಸಿ, ಆಮೇಲೂ ವರ್ಷಕ್ಕೊಮ್ಮೆ ತೋರಿಸಿಕೊಳ್ಳಿ.

ಪ್ರಶ್ನೆ: ನಾಲ್ಕು ವರ್ಷದ ಮೊಮ್ಮಗಳಿಗೆ ಗುಲ್ಮದಲ್ಲಿ ಗೆಡ್ಡೆ. ನಮ್ಮ ಕಡೆ ಹೊಟ್ಟೆಗೆ ಬರೆ ಹಾಕಿಸಿದರೆ ಕರಗುತ್ತದೆ ಅನ್ನುತ್ತಾರೆ. – ಓದುಗರೊಬ್ಬರು, ಕೆ.ಆರ್. ಪೇಟೆ

ಉತ್ತರ: ದಯವಿಟ್ಟು ಹಾಕಿಸಬೇಡಿ. ಬರೆಯಿಂದ ಚರ್ಮ ಸುಡುತ್ತದೆ, ಕೀವಾಗುತ್ತದೆ, ಮಗು ನರಳುತ್ತದೆ. ಪಕ್ಕೆಲುಬಿನ ಹಿಂದಿರುವ ಗೆಡ್ಡೆಗೆ ಅದು ತಲುಪುವುದೇ ಇಲ್ಲ. ಹಿಂದೆ ಮಲೇರಿಯಾದಿಂದ ಊದಿದ ಗುಲ್ಮ ಜ್ವರ ಬಿಟ್ಟ ಮೇಲೆ ತಾನೇ ಇಳಿಯುತ್ತಿತ್ತು, ಹೆಸರು ಬರೆಗೆ ಬರುತ್ತಿತ್ತು. ಮಕ್ಕಳಲ್ಲಿ ಲಿಂಫಾಂಜಿಯೋಮಾ (ದುಗ್ಧನಾಳಗಳ ಗೆಡ್ಡೆ), ಹಮಾರ್ಟೋಮಾ, ನೀರಿನ ಚೀಲ ಇರುವ ಸಾಧ್ಯತೆ ಹೆಚ್ಚು. ಮಕ್ಕಳ ಶಸ್ತ್ರಚಿಕಿತ್ಸಕರಿಗೇ ತೋರಿಸಿ. ಐದು ವರ್ಷದೊಳಗೆ ಇಡೀ ಗುಲ್ಮ ತೆಗೆಯುವುದನ್ನು ಆದಷ್ಟೂ ತಪ್ಪಿಸುತ್ತೇವೆ. ತೆಗೆಯಲೇಬೇಕಾದರೆ ಗೆಡ್ಡೆಯಿರುವ ಭಾಗವನ್ನಷ್ಟೇ. ಗುಲ್ಮದೊಳಗೆ ರಕ್ತನಾಳಗಳು ಭಾಗ ಭಾಗವಾಗಿ ಹಂಚಿಹೋಗಿರುವುದರಿಂದ ಇದು ಸಾಧ್ಯ. ಕಾಲು ಭಾಗ ಉಳಿದರೂ ಸೋಂಕಿನಿಂದ ಕಾಯುವ ಶಕ್ತಿ ಬಹುಮಟ್ಟಿಗೆ ಉಳಿಯುತ್ತದೆ.

ಪ್ರಶ್ನೆ: ಮುಂದಿನ ತಿಂಗಳು ನನ್ನ ಹೆಂಡತಿಗೆ ಗುಲ್ಮ ತೆಗೆಯುವ ಆಪರೇಷನ್. ನಾವು ಏನೇನು ತಯಾರಿ ಮಾಡಿಕೊಳ್ಳಬೇಕು? ಖರ್ಚಿಗೆ ದಾರಿ ಏನು? – ಓದುಗರೊಬ್ಬರು, ಮಂಡ್ಯ

ಉತ್ತರ: ಮೊದಲು ಲಸಿಕೆ, ಆಮೇಲೆ ಆಪರೇಷನ್ ತಾರೀಖು. ನ್ಯುಮೋಕಾಕಸ್‌ನಂಥ ಗಟ್ಟಿ ಕವಚದ ಬ್ಯಾಕ್ಟೀರಿಯಾಗಳನ್ನು ರಕ್ತದಿಂದ ಸೋಸಿ ಕೊಲ್ಲುವುದು ಗುಲ್ಮದ ಕೆಲಸ. ಅದು ಹೋದ ಮೇಲೆ ಲಸಿಕೆಯ ಫಲವೂ ತಗ್ಗುತ್ತದೆ. ಆದ್ದರಿಂದ ಆಪರೇಷನ್ನಿಗೆ ಕನಿಷ್ಠ 14 ದಿನ ಮುಂಚೆ ಮೂರು ಚುಚ್ಚುಮದ್ದು ಆಗಿರಬೇಕು: ನ್ಯುಮೋಕಾಕಸ್‌ಗೆ ಪಿ.ಸಿ.ವಿ.13, ಮೆನಿಂಜೋಕಾಕಸ್ ಎ-ಸಿ-ವೈ-ಡಬ್ಲ್ಯು, ಮತ್ತು ಹಿಬ್ (ಹೀಮೋಫಿಲಸ್ ಬಿ ಬ್ಯಾಕ್ಟೀರಿಯಾದ ಲಸಿಕೆ) ಒಂದು ಡೋಸ್. ಎಂಟು ವಾರ ಬಿಟ್ಟು ನ್ಯುಮೋಕಾಕಸ್ಸಿನದೇ ಇನ್ನೊಂದು ಲಸಿಕೆ ಪಿ.ಪಿ.ಎಸ್.ವಿ.23 ಮತ್ತು ಮೆನಿಂಜೋಕಾಕಸ್‌ನ ಎರಡನೇ ಡೋಸ್. ಇವೆರಡನ್ನೂ 5 ವರ್ಷಕ್ಕೆ ಮತ್ತೆ ಹಾಕಿಸಬೇಕು. ಫ್ಲೂ ಲಸಿಕೆ ಪ್ರತಿ ವರ್ಷ. ಎಲ್ಲ ಔಷಧಿ ಅಂಗಡಿಯಲ್ಲೂ ಇವು ಸಿಗುವುದಿಲ್ಲ, ತಣ್ಣಗೆ ಕಾಪಾಡಿ ತರಬೇಕು, ಇವತ್ತೇ ವಿಚಾರಿಸಿ. ಲಸಿಕೆ ಆಗಿಲ್ಲ, ತಾರೀಖು ಹತ್ತಿರ ಬಂತು ಎಂದಾದರೆ, ತುರ್ತಿಲ್ಲದ ಗೆಡ್ಡೆಗೆ ತಾರೀಖನ್ನೇ ಮುಂದೂಡಿಸಿ ಎಂದು ನಾವು ಹೇಳುತ್ತೇವೆ.

ಗೆಡ್ಡೆ ಗುಲ್ಮದ ಒಂದು ತುದಿಯಲ್ಲಿದ್ದರೆ ಭಾಗಶಃ ತೆಗೆಯಲು ಬರುತ್ತದೆಯೇ ಎಂದು ಕೇಳಿ. ನಡುವಿನಲ್ಲಿ, ರಕ್ತನಾಳ ಒಳಹೋಗುವ ಜಾಗದ ಹತ್ತಿರವಿದ್ದರೆ ಆಗುವುದಿಲ್ಲ. ಎರಡು ಬಾಟಲಿ ರಕ್ತ ಹೊಂದಿಸಿಡುತ್ತಾರೆ. ಮೇದೋಜ್ಜೀರಕ ಗ್ರಂಥಿಯ ಬಾಲ ಗುಲ್ಮಕ್ಕೆ ಅಂಟಿಕೊಂಡಂತೆ ಇರುವುದರಿಂದ ಅದಕ್ಕೆ ಪೆಟ್ಟಾಗಿ ರಸ ಸೋರುವ ಸಾಧ್ಯತೆಯಿದೆ. ಆಪರೇಷನ್ ಜಾಗದಲ್ಲಿ ಇಟ್ಟ ನಳಿಕೆಯಲ್ಲಿ ಬರುವ ದ್ರವದ ಅಮೈಲೇಸ್ (ಆ ಗ್ರಂಥಿಯ ರಸದಲ್ಲಿರುವ ಕಿಣ್ವ) ನೋಡಿದರೆ ಗೊತ್ತಾಗುತ್ತದೆ. ಎಡ ಶ್ವಾಸಕೋಶದ ಬುಡ ಮುದುಡದಂತೆ ಮಾರನೆಯ ದಿನದಿಂದಲೇ ಉಸಿರಾಟದ ವ್ಯಾಯಾಮ ಮಾಡಿಸಿ, ಎಬ್ಬಿಸಿ ನಡೆಸಿ. ಪ್ಲೇಟ್‌ಲೆಟ್ ಒಂದೆರಡು ವಾರದಲ್ಲಿ ತುಂಬ ಏರುತ್ತದೆ, ಆಮೇಲೆ ಇಳಿಯುತ್ತದೆ. ಮನೆಗೆ ಬಂದ ಮೇಲೆ ಬಿಡದ ಹೊಟ್ಟೆನೋವು, ಜ್ವರ, ವಾಂತಿ ಇದ್ದರೆ ಲಿವರಿಗೆ ಹೋಗುವ ದೊಡ್ಡ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆಯೇ ಎಂದು ಡಾಪ್ಲರ್ ಸ್ಕ್ಯಾನ್ ಆಗಬೇಕು. ಗ್ಯಾಸ್ಟ್ರಿಕ್ ಇರಬೇಕು ಎಂದು ಮಾತ್ರೆ ನುಂಗಿ ದಿನ ಕಳೆಯಬಾರದು.

ಖರ್ಚಿನ ವಿಷಯ: ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜಿನ ಶೇ. 30ರಷ್ಟು, ಒಟ್ಟು ಒಂದೂವರೆ ಲಕ್ಷದವರೆಗೆ ನೆರವಿದೆ. ಪಡಿತರ ಚೀಟಿ, ಆಧಾರ್ ಮತ್ತು ಸ್ಕ್ಯಾನ್ ವರದಿ ಹಿಡಿದು ಮೊದಲು ಮಿಮ್ಸ್‌ನಲ್ಲಿ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಕಾಣಿ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ದಾಖಲಾಗುವ ಮುಂಚೆಯೇ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರದ ಬಗ್ಗೆ ವಿಚಾರಿಸಿ.

ಪ್ರಶ್ನೆ: ಮೂರು ವರ್ಷದ ಹಿಂದೆ ನನ್ನ ಗುಲ್ಮ ತೆಗೆದರು. ಗೆಡ್ಡೆ ಕ್ಯಾನ್ಸರ್ ಅಲ್ಲ ಅಂದರು, ಖುಷಿಯಾಗಿ ಮನೆಗೆ ಬಂದೆ. ಲಸಿಕೆ ಯಾರೂ ಹೇಳಲಿಲ್ಲ. ಈಗ ಹಾಕಿಸಿದರೆ ಉಪಯೋಗವಿದೆಯೇ? ಜ್ವರ ಬಂದರೆ ಡೋಲೋ ನುಂಗಿ ಮಲಗುತ್ತೇನೆ. – ಓದುಗರೊಬ್ಬರು, ಪಾಂಡವಪುರ

ಉತ್ತರ: ಈಗಲೂ ಉಪಯೋಗವಿದೆ. ಮೇಲೆ ಹೇಳಿದ ಲಸಿಕೆಗಳನ್ನು ಅದೇ ಕ್ರಮದಲ್ಲಿ ಈ ವಾರವೇ ಶುರು ಮಾಡಿ. ಆದರೆ ಜ್ವರಕ್ಕೆ ಡೋಲೋ ನುಂಗಿ ಮಲಗುವುದನ್ನು ಇವತ್ತಿನಿಂದಲೇ ಬಿಡಬೇಕು. ಗುಲ್ಮವಿಲ್ಲದವರಿಗೆ ಬೆಳಿಗ್ಗೆ ಚಳಿಜ್ವರವಾಗಿ ಶುರುವಾದ ಸೋಂಕು ಸಂಜೆಯೊಳಗೆ ಬಿ.ಪಿ. ಕುಸಿಯುವ ಮಟ್ಟಕ್ಕೆ ಹೋಗಬಹುದು. ಹಾಗೆ ಆದವರಲ್ಲಿ ಅರ್ಧದಷ್ಟು ಜನ ಉಳಿಯದಿರಬಹುದು. ಇದು ಎಲ್ಲರಿಗೂ ಆಗುವುದಿಲ್ಲ, ಅಪರೂಪ. ಆದರೆ ಆಪರೇಷನ್ ಆಗಿ ಹತ್ತಿಪ್ಪತ್ತು ವರ್ಷವಾದ ಮೇಲೂ ಆಗಬಹುದು.

ಹೀಗೆ ಮಾಡಿ. ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲಿ. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ, ಅಥವಾ ಜ್ವರವಿಲ್ಲದೆಯೂ ಮೈ ನಡುಗುವಷ್ಟು ಚಳಿ ಬಂದರೆ, ವೈದ್ಯರಿಂದ ಮೊದಲೇ ಬರೆಸಿ ಇಟ್ಟುಕೊಂಡ ಆ್ಯಂಟಿಬಯಾಟಿಕ್‌ನ ಮೊದಲ ಮಾತ್ರೆ ನುಂಗಿ. ಸಾಮಾನ್ಯವಾಗಿ ಕೊಡುವುದು ಅಮಾಕ್ಸಿಸಿಲಿನ್–ಕ್ಲಾವುಲನಿಕ್ ಆಮ್ಲದ 875+125 ಮಿ.ಗ್ರಾಂ. ಮಾತ್ರೆ, ಪೆನ್ಸಿಲಿನ್ ಅಲರ್ಜಿ ಇದ್ದವರಿಗೆ ಲೀವೋಫ್ಲಾಕ್ಸಾಸಿನ್. ನುಂಗಿ ಮಲಗುವುದಲ್ಲ, ನುಂಗಿ ಆಸ್ಪತ್ರೆಗೆ ಹೊರಡುವುದು. ಅಲ್ಲಿ ರಕ್ತದ ಕಲ್ಚರ್‌ಗೆ ಮಾದರಿ ತೆಗೆದು, ವರದಿಗೆ ಕಾಯದೆ ಸೆಫ್‌ಟ್ರಯಾಕ್ಸೋನ್ 2 ಗ್ರಾಂ ರಕ್ತನಾಳಕ್ಕೆ ಕೊಡಬೇಕು. ಮಾತ್ರೆಯ ಅವಧಿ ಮುಗಿಯುವ ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ನಾಯಿ ಕಚ್ಚಿದರೆ ರೇಬೀಸ್ ಚುಚ್ಚುಮದ್ದಿನ ಜೊತೆಗೆ ಆ್ಯಂಟಿಬಯಾಟಿಕ್ ಕೂಡ ಬೇಕು, ಗಾಯ ಸಣ್ಣದಾದರೂ ಸರಿ. ನಾಯಿಯ ಜೊಲ್ಲಿನಲ್ಲಿರುವ ಒಂದು ಬ್ಯಾಕ್ಟೀರಿಯಾ ಗುಲ್ಮವಿಲ್ಲದವರಿಗೆ ಬಲು ಅಪಾಯಕಾರಿ. ಮಲೇರಿಯಾ ಇರುವ ಊರಿಗೆ ಹೋಗುವ ಮುಂಚೆ ತಡೆ ಮಾತ್ರೆ ಕೇಳಿ, ಸೊಳ್ಳೆಪರದೆ ಒಯ್ಯಿರಿ.

ರಾತ್ರಿ ಪಾಳಿಯ ವೈದ್ಯರಿಗೆ ನಿಮ್ಮ ಹೊಟ್ಟೆಯ ಮೇಲಿನ ಲ್ಯಾಪ್ರೋಸ್ಕೋಪಿಯ ಸಣ್ಣ ಗಾಯದ ಗುರುತು ಕಾಣದೇ ಹೋಗಬಹುದು. ನೀವು ಮಾತಾಡುವ ಸ್ಥಿತಿಯಲ್ಲಿ ಇರದೆಯೂ ಇರಬಹುದು. ಆದ್ದರಿಂದ ಒಂದು ಚೀಟಿ ಬರೆದು, ಪ್ಲಾಸ್ಟಿಕ್ ಹಾಕಿಸಿ, ಆಧಾರ್ ಕಾರ್ಡಿನ ಜೊತೆ ಜೇಬಿನಲ್ಲಿಡಿ. ಅದರ ಫೋಟೋ ಮನೆಯವರ ಮೊಬೈಲಿನಲ್ಲೂ ಇರಲಿ. ಅದರಲ್ಲಿ ಇಷ್ಟು ಬರೆದರೆ ಸಾಕು: ‘ನನಗೆ ಗುಲ್ಮ ಇಲ್ಲ. ತೆಗೆದ ವರ್ಷ ಇಂಥದ್ದು. ಹಾಕಿಸಿದ ಲಸಿಕೆ, ತಾರೀಖು ಇವು. ಅಲರ್ಜಿ ಇದೆ/ಇಲ್ಲ. ಜ್ವರವಿದ್ದರೆ ಕಲ್ಚರ್ ತೆಗೆದು ತಕ್ಷಣ ಆ್ಯಂಟಿಬಯಾಟಿಕ್ ಕೊಡಿ.’